ಸುಣ್ಣ ಬಳಿಯದ ಗಡಿಗೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹತ್ತುತ್ತಿದ್ದದ್ದು ನನ್ನ ನಾಲಗೆ. ಕಣ್ಣು ಆಗ ಇನ್ನೂ ತೆರೆದಿರುತ್ತಿರಲಿಲ್ಲ. ಅಪ್ಪ ನನ್ನನ್ನು ಕೌದಿಯ ಸಮೇತ ಎತ್ತಿಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಇಡುತ್ತಿದ್ದ, ಕಾಳಿನ ಚೀಲ ಇಟ್ಟ ಹಾಗೆ. ಬೆಳಕು ಹರಿದಿರುತ್ತಿರಲಿಲ್ಲ, ಕತ್ತಲೆಯೂ ಇರುತ್ತಿರಲಿಲ್ಲ. ಅಂಗಳವೆಲ್ಲ ನೀಲಿ ಹಾಕಿ ಹಿಂಡಿದ ಬಟ್ಟೆಯ ಬಣ್ಣಕ್ಕಿರುತ್ತಿತ್ತು. ಆ ನೀಲಿಯೊಳಗಿಂದ ಲಾಲಸಾಬ ಕಾಕಾ ಬರುತ್ತಿದ್ದ. ಮೊದಲು ಅವನ ತಲೆಯ ಮೇಲಿನ ಗಡಿಗೆ ಕಾಣಿಸುತ್ತಿತ್ತು, ಆಮೇಲೆ ಹೆಗಲ ಮೇಲಿನ ಅಡ್ಡೆಯಲ್ಲಿ ತೂಗುವ ಗಡಿಗೆಗಳು, ಕಡೆಗೆ ಇವೆಲ್ಲದರ ಕೆಳಗೆ ಒಬ್ಬ ಮನುಷ್ಯ. ಹಳ್ಳದ ದಂಡೆಯ ಈಚಲ ಗಿಡಗಳನ್ನು ಹತ್ತಿ, ಕೆತ್ತಿ, ಸಂಜೆ ಗಡಿಗೆ ಕಟ್ಟಿ ನಸುಕಿನಲ್ಲಿ ಇಳಿಸಿ ತರುವುದು ಅವನ ಕೆಲಸ. ಅವನ ಕಂಬಳಿಯಿಂದ ಮಂಜಿನ ವಾಸನೆ ಬರುತ್ತಿತ್ತು. ಗಡಿಗೆಗಳನ್ನು ಸಾಲಾಗಿ ಇಳಿಸಿದ ಮೇಲೆ ಅಪ್ಪ ತೆಂಗಿನ ಪರಟಿಯಲ್ಲಿ ಒಂದೊಂದರಿಂದ ಇಷ್ಟಿಷ್ಟೇ ಮೊಗೆದು ನನ್ನ ಬಾಯಿಗೆ ಹಿಡಿಯುತ್ತಿದ್ದ. ನಾನು ಒಂದು ಮಾತು ಹೇಳಬೇಕು. "ಸಿಹಿ" ಅಂದರೆ ಗಡಿಗೆ ಅಂಗಡಿಗೆ. "ತಿರುಗೇತಿ" ಅಂದರೆ ಬೇವಿನ ಗಿಡದ ಬುಡಕ್ಕೆ. ನಡುವಿನ ಮಾತು ಯಾವುದನ್ನೂ ನನಗೆ ಕಲಿಸಿರಲಿಲ್ಲ.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಈಚಲ ಗಿಡದಿಂದ ರಾತ್ರಿಯೆಲ್ಲ ತೊಟ್ಟಿಕ್ಕುವ ರಸ ಸಿಹಿ. ಅದು ನೀರಾ. ಹಾಗೇ ಬಿಟ್ಟರೆ ಅದು ಗಡಿಗೆಯಲ್ಲಿಯೇ ಕುದಿ ಬಂದಂತೆ ನೊರೆಯೆದ್ದು ಹುಳಿಯಾಗುತ್ತದೆ. ಆಗ ಅದು ಶಿಂದಿ. ಗಡಿಗೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ಬೆಳಗಿನ ತನಕ ಸಿಹಿಯಾಗಿಯೇ ಇರುತ್ತದೆ. ನೀರಾಕ್ಕೂ ಶಿಂದಿಗೂ ನಡುವೆ ಇರುವುದು ಒಂದು ಹಿಡಿ ಸುಣ್ಣ, ಅಷ್ಟೇ. ಆದರೆ ಸರಕಾರ ಹೆಂಡ ಸಾರಾಯಿ ನಿಲ್ಲಿಸಿದ್ದ ದಾರೂಬಂದಿಯ ಕಾಲದಲ್ಲಿ ಆ ಹಿಡಿ ಸುಣ್ಣದ ಈಚೆಗಿದ್ದವನು ಅಂಗಡಿಕಾರ, ಆಚೆಗಿದ್ದವನು ಕಳ್ಳ. ಹುಳಿ ಬಂದದ್ದಕ್ಕೆ "ತಿರುಗೇತಿ" ಅನ್ನುವುದು ನಮ್ಮ ಮನೆಯ ಮಾತು. ಅದನ್ನು ಕುಡಿದರೆ ತಲೆ ತಿರುಗುತ್ತದೆ, ಅಲ್ಲಿಂದಲೇ ಬಂದಿದ್ದೀತು. ಬೇರೆ ಮನೆಯಲ್ಲಿ ನಾನು ಕೇಳಿಲ್ಲ. ಅಪ್ಪನ ನಾಲಗೆ ತಂಬಾಕು ತಿಂದು ಸತ್ತಿತ್ತು. ಅವ್ವ ಗಡಿಗೆ ಮುಟ್ಟಿದ ಕೈಯನ್ನೇ ಬೂದಿ ಹಚ್ಚಿ ತೊಳೆಯುತ್ತಿದ್ದಳು. ಆಯಿ, ಅಂದರೆ ಅಪ್ಪನ ತಾಯಿ, ಎಷ್ಟು ಹುಳಿ ಬಂದಿದ್ದರೂ "ಇದೇನ ತಿರುಗಿದ್ದು, ಇನ್ನೂ ಕೂಸು" ಅನ್ನುವವಳು. ಹೀಗಾಗಿ ಆ ಕೆಲಸ ನನಗೆ ಬಂತು. ಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತಿದ್ದ ವಯಸ್ಸು ನನ್ನದು.

ಮನೆ ಇಂಡಿ ಪೇಟೆಯ ನಟ್ಟನಡುವೆ ಇತ್ತು. ಅಗಲ ಕಡಿಮೆ, ಉದ್ದ ಬಹಳ. ಒಂದು ತುದಿಯಲ್ಲಿ ನಿಂತು ಕೂಗಿದರೆ ಇನ್ನೊಂದು ತುದಿಗೆ ಅದು ಕನಸಿನಲ್ಲಿ ಯಾರೋ ಕರೆದಂತೆ ಕೇಳುತ್ತಿತ್ತು. ಮುಂದಿನ ಕೋಣೆ ಅಂಗಡಿ. ಗೋಡೆಗುಂಟ ಕೂರುವ ಬಾಕು, ಮಣ್ಣಿನ ಕುಡಿಕೆಗಳ ರಾಶಿ. ಅದರ ಹಿಂದೆ ಅವ್ವನ ಒಲೆ. ನೀರಾ ಕುಡಿಯಲು ಬಂದವರಿಗೆ ಚುರಮರಿ ಸೂಸಲ, ಮಿರ್ಚಿ ಭಜಿ. ಹೊತ್ತೇರಿದ ಮೇಲೆ ಸಂತೆಗೆ ಬಂದವರಿಗೆ ರೊಟ್ಟಿ, ಜುಣಕ, ಶೇಂಗಾ ಹಿಂಡಿ. ಒಲೆಯ ಹಿಂದೆ ಕಿಟಕಿಯಿಲ್ಲದ ಕೋಣೆ. ಅಲ್ಲಿ ಸತ್ತ ಮುತ್ತ್ಯಾನ, ಅಂದರೆ ಅಪ್ಪನ ತಂದೆಯ, ರುಮಾಲು ಗೂಟಕ್ಕೆ ತೂಗುತ್ತಿತ್ತು. ಆಯಿ ಅಲ್ಲಿ ಮಲಗುತ್ತಿದ್ದಳು, ನಾನು ಅವಳ ಮಗ್ಗುಲಲ್ಲಿ. ಆ ಕೋಣೆಯಲ್ಲಿ ಹಗಲು ರಾತ್ರಿ ಒಂದೇ. ಮಧ್ಯಾಹ್ನ ಮಲಗಿ ಎದ್ದರೆ ಇವತ್ತೋ ನಿನ್ನೆಯೋ ತಿಳಿಯುತ್ತಿರಲಿಲ್ಲ. ಸಿಂದಗಿಯ ಮೋಟಾರು ಪೇಟೆಯಲ್ಲಿ ಹಾದುಹೋದಾಗ ಕತ್ತಲೆಯಲ್ಲಿ ಹಿತ್ತಾಳೆ ತಂಬಿಗೆಗಳು ತಮ್ಮಷ್ಟಕ್ಕೆ ತಾವೇ ಮಾತಾಡಿ ಸುಮ್ಮನಾಗುತ್ತಿದ್ದವು. ಈಗಲೂ ಜ್ವರ ಬಂದರೆ ನಾನು ಮೊದಲು ಹೋಗುವುದು ಆ ಕೋಣೆಗೆ.

ದಾರೂಬಂದಿಗೆ ಮೊದಲು ಅದೇ ಅಂಗಡಿಯಲ್ಲಿ ಮುತ್ತ್ಯಾ ಶಿಂದಿ ಮಾರುತ್ತಿದ್ದ. ಆಗ ನಾನು ತೀರ ಸಣ್ಣವಳು. ನೆನಪಿರುವುದು ಗಡಿಗೆಗಳ ದನಿ ಮಾತ್ರ. ನೊರೆಯೇಳುವ ಶಿಂದಿ ಒಳಗೊಳಗೇ ಗುಜುಗುಜು ಅನ್ನುತ್ತದೆ. ಕಿವಿಯಿಟ್ಟರೆ ದೂರದಲ್ಲೆಲ್ಲೋ ಜನ ನೆರೆದು ಮಾತಾಡಿದಂತೆ. ನಾನು ಆ ದನಿ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಸರಕಾರ ಅಂಗಡಿಗೆ ಬೀಗ ಹಾಕಿದ ದಿನ ಆಯಿ ಎಲ್ಲ ಗಡಿಗೆ ಬೋರಲು ಹಾಕಿದಳಂತೆ. ಮುತ್ತ್ಯಾ ಹೆಚ್ಚು ದಿನ ಉಳಿಯಲಿಲ್ಲ. ಬಹಳ ದಿನ ತಿರುಗಾಡಿ ಅಪ್ಪ ನೀರಾದ ಪರವಾನಗಿ ತಂದ. ಅದೇ ಗಿಡ, ಅದೇ ಗಡಿಗೆ, ಒಳಗೆ ಸುಣ್ಣ. ಗಡಿಗೆಗಳ ಮಾತು ನಿಂತುಹೋಯಿತು. ನನಗೆ ಒಂದಿಷ್ಟು ದಿನ ನಿದ್ದೆ ಬರಲಿಲ್ಲ.

ಗಿರಾಕಿಗಳು ಮಾತ್ರ ಹಳಬರೇ. ಸಂಜೆ ಬರುತ್ತಿದ್ದವರು ಈಗ ಬೆಳಿಗ್ಗೆ ಬಂದು ಬಾಕಿನ ಮೇಲೆ ಕೂರುತ್ತಿದ್ದರು. ಅವರನ್ನು ನೋಡಿದರೆ ನಗು ಬರುತ್ತಿತ್ತು. ಸಕ್ಕರೆ ನೀರಿನಂಥದ್ದನ್ನು ಕುಡಿದು, ರೂಢಿಯ ಮೇಲೆ ಬಾಯಿ ಒರೆಸಿಕೊಂಡು, ರೂಢಿಯ ಮೇಲೆ ಕಣ್ಣು ಅರ್ಧ ಮುಚ್ಚುತ್ತಿದ್ದರು. ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲ ಗುರಪ್ಪ ಎರಡನೇ ಕುಡಿಕೆಗೆ ಸಣ್ಣಗೆ ಪದ ಎತ್ತುತ್ತಿದ್ದ, ಮೂರನೆಯದಕ್ಕೆ ತೊದಲುತ್ತಿದ್ದ. ಅಮಲು ಗಡಿಗೆಯಲ್ಲಿ ಇರಲಿಲ್ಲ, ಅವನು ಮನೆಯಿಂದ ತರುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ಏ ಗುರಪ್ಪಣ್ಣ, ನೀರಾಕ್ಕ ಹಿಂಗ ತೂರಾಡಿದ್ರ ಪಾಯಸಕ್ಕ ಏನ ಮಾಡ್ತಿಯೋ?"

"ಪಾಯಸ ಉಂಡ ದಿನ ನಾ ಎದ್ದ ಇಲ್ಲ ನೋಡವ್ವ, ಎರಡ ದಿನ ಮಲಗಿದ್ನಿ."

ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬಂದು ಕುಡಿಕೆಗಳಲ್ಲಿನ ನೀರಾ ಹೊಳೆಯುತ್ತಿತ್ತು. ಭಜಿಯ ಹೊಗೆ ಬಿಸಿಲಿನ ಕಂಬದಲ್ಲಿ ಸುತ್ತುತ್ತಿತ್ತು. ಆ ಹೊಗೆಯೊಳಗೆ ಗಂಡಸರು ಇಲ್ಲದ ಅಮಲಿನಲ್ಲಿ ತೂಗುತ್ತ ಕೂತಿರುತ್ತಿದ್ದರು. ನಸುಕಿನಿಂದ ರುಚಿ ನೋಡಿದ ನನಗೂ ನಿದ್ದೆಯ ಜೋಂಪು. ಅವರೆಲ್ಲ ನೀರಿನ ತಳದಲ್ಲಿ ಕೂತಂತೆ ಕಾಣುತ್ತಿದ್ದರು.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಇದರಲ್ಲಿ ಒಳ್ಳೆಯತನ ಏನೂ ಇಲ್ಲ, ಅದು ಆ ಕೆಲಸ ಬಿಟ್ಟುಹೋದ ಗುಣ. ಸಿಹಿ, ಇಲ್ಲವೆ ತಿರುಗೇತಿ. ಮುಂದೆ ಗಂಡನ ಮನೆಯಲ್ಲಿಯೂ ಬಂದವರ ಮುಖದ ಮೇಲೆ ಹೀಗೇ ಹೇಳಿ ಬಹಳ ಮಂದಿಯ ಬಾಯಿಗೆ ಬಿದ್ದೆ. ನಾಲಗೆ ಬದಲಾಗಲಿಲ್ಲ. ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯ ತನಕ. ಅಲ್ಲಿ ಕಲಿತದ್ದು ಮರೆತಿದ್ದೇನೆ, ಹಿತ್ತಲ ಕಟ್ಟೆಯ ಮೇಲೆ ಕಲಿತದ್ದು ಮರೆತಿಲ್ಲ.

ಚಳಿಗಾಲದಲ್ಲಿ ಮುತ್ತ್ಯಾನ ಎಡೆ ಬರುತ್ತಿತ್ತು. ಅವನು ಸತ್ತ ತಿಥಿಯ ದಿನ ಆ ಕತ್ತಲೆ ಕೋಣೆಯಲ್ಲಿ ಮಣೆಯ ಮೇಲೆ ಅವನ ಧೋತರ, ರುಮಾಲು ಮಡಿಚಿಟ್ಟು, ಮುಂದೆ ಹೋಳಿಗೆ, ಕೋಳಿ ಸಾರು, ಕಂಚಿನ ಬಟ್ಟಲಲ್ಲಿ ಒಂದಿಷ್ಟು ಶಿಂದಿ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಒಳಗೆ ಸತ್ತವನು ಬಂದು ಉಣ್ಣುತ್ತಾನೆ. ಅವನದಾದ ಮೇಲೆ ಬಾಗಿಲು ತೆಗೆದು ನಾವು ಉಣ್ಣಬೇಕು. ಬಟ್ಟಲಲ್ಲಿ ಶಿಂದಿಯೇ ಇರಬೇಕೆಂದು ಆಯಿಯ ಹಟ. ದಾರೂಬಂದಿಯಲ್ಲಿ ಶಿಂದಿ ಎಲ್ಲಿಂದ ಬರುತ್ತಿತ್ತು ಎಂದು ಅಪ್ಪ ಕೇಳಿರಲಿಲ್ಲ. ನೀರಾವನ್ನೇ ಇಡುತ್ತಾಳೆಂದು ತಿಳಿದಿದ್ದ. ಆಯಿ ಪ್ರತಿ ವರ್ಷ ಲಾಲಸಾಬ ಕಾಕಾನಿಗೆ ಗುಟ್ಟಾಗಿ ಒಂದು ಗಡಿಗೆ ಕೊಡುತ್ತಿದ್ದಳು. ಸುಣ್ಣ ಬಳಿಯದ, ತೊಳೆಯದ ಗಡಿಗೆ. ಗುರುತಿಗೆ ಅದರ ಕೊರಳಿಗೆ ಮುತ್ತ್ಯಾನ ಹಳೆಯ ರುಮಾಲಿನ ಒಂದು ಪಟ್ಟಿ ಕಟ್ಟಿರುತ್ತಿದ್ದಳು. ಪಟ್ಟಿ ಕಟ್ಟಿದ ಗಡಿಗೆ ಸಾಲಿಗೆ ಬರುವ ಹಾಗಿಲ್ಲ, ನೇರ ಅವಳ ಕೈಗೆ. ಮನೆಯಲ್ಲಿ ತಿರುಗಿದ ಒಂದೇ ಒಂದು ಗಡಿಗೆ ಸಿಕ್ಕರೂ ಪರವಾನಗಿ ಹೋಗುತ್ತದೆ, ಅದರ ಹಿಂದೆ ಒಲೆಯೂ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಕಟ್ಟುತ್ತಿದ್ದಳು.

ಆ ವರ್ಷ ಎಡೆಯ ದಿನ ಲಾಲಸಾಬ ಕಾಕಾ ಗಿಡ ಇಳಿಯುವಾಗ ಅವನ ಸಿಂಬಿ, ಗಡಿಗೆಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ, ಹಳ್ಳದ ನೀರಿಗೆ ಬಿತ್ತು. ಚಳಿಯಲ್ಲಿ ಒದ್ದೆ ಬಟ್ಟೆ ತಲೆಗಿಡಲಾರದೆ ಅವನು ಕೈಗೆ ಸಿಕ್ಕ ಪಟ್ಟಿ ಬಿಚ್ಚಿ ಸಿಂಬಿ ಸುತ್ತಿಕೊಂಡ. ಅದು ಯಾವ ಪಟ್ಟಿ ಎಂದು ಆಗ ಅವನ ತಲೆಗೆ ಹೊಳೆಯಲಿಲ್ಲ. ಗುರುತು ತಲೆಯ ಮೇಲೆ ಹೋಯಿತು, ಗಡಿಗೆಗಳೆಲ್ಲ ಒಂದೇ ಬಣ್ಣದವಾಗಿ ನಮ್ಮ ಹಿತ್ತಲಿಗೆ ಬಂದವು. ಆಯಿ ಬಚ್ಚಲಲ್ಲಿ ಎಡೆಯ ಸ್ನಾನ ಮಾಡುತ್ತಿದ್ದಳು. ಅಪ್ಪ ಪರಟಿ ಹಿಡಿದ. ಸಿಹಿ, ಸಿಹಿ ಎಂದು ಹೇಳುತ್ತ ಬಂದೆ. ಅದೇ ಹೊತ್ತಿಗೆ ಹಿತ್ತಲ ಬಾಗಿಲು ನೂಕಿಕೊಂಡು ದಾರೂಬಂದಿ ಸಾಹೇಬ ಒಳಗೆ ಬಂದ. ಹೊಸದಾಗಿ ಬಂದವನು, ಮೈಸೂರ ಕಡೆಯವನು. ಹಣೆಗೆ ಗಂಧ, ಕೊರಳಿಗೆ ಉಣ್ಣೆಯ ಬಟ್ಟೆ. ಹಿಂದೆ ಅವನ ಪಟ್ಟೇವಾಲಾ, ಅಂದರೆ ಜವಾನ, ಭೀಮಣ್ಣ. ಭೀಮಣ್ಣ ನಮ್ಮೂರವನೇ, ಹಿಂದೆ ಮುತ್ತ್ಯಾನ ಅಂಗಡಿಯ ಮೂಲೆಯ ಬಾಕು ಕಾಯಂ ಅವನದೇ ಆಗಿತ್ತು. ಈಗ ಸರಕಾರದ ಪಟ್ಟಿ ಎದೆಗೆ ಅಡ್ಡ ಹಾಕಿಕೊಂಡು ನಮ್ಮನ್ನು ಗುರುತಿಲ್ಲದವನ ಹಾಗೆ ನೋಡುತ್ತಿದ್ದ.

ಅಪ್ಪನ ಕೈ ಆಗಲೇ ಮುಂದಿನ ಗಡಿಗೆಯಿಂದ ಮೊಗೆದು ನನ್ನ ಬಾಯಿಗೆ ಬಂದಿತ್ತು. ನುಂಗಿದೆ. ಮೂಗಿಗೆ ಹತ್ತಿತು. ಬಹಳ ಹಿಂದೆ ಕತ್ತಲೆಯಲ್ಲಿ ಕೇಳಿದ ಗುಜುಗುಜು ಬಾಯಿಯೊಳಗೆ ಬಂದ ಹಾಗಾಯಿತು. ರೂಢಿಯಂತೆ ಹೇಳಿದೆ.

"ತಿರುಗೇತಿ."

ಲಾಲಸಾಬ ಕಾಕಾ ತಲೆಯ ಮೇಲಿನ ಸಿಂಬಿಯನ್ನು ಕೈಗೆ ತೆಗೆದುಕೊಂಡು ನೋಡಿದ. ನೋಡುತ್ತಲೇ ಕೆಳಗೆ ಕೂತುಬಿಟ್ಟ.

"ಏನು ಹೇಳ್ತಿದೆ ಮಗು? ಏನು ತಿರುಗಿದೆ?" ಸಾಹೇಬ ಕೇಳಿದ.

ಅವನಿಗೆ ನಮ್ಮ ಮನೆಯ ಮಾತು ಗೊತ್ತಿರಲಿಲ್ಲ. ಅಪ್ಪ ಥಟ್ಟನೆ ಗಡಿಗೆಯ ಕೊರಳು ಹಿಡಿದು ಅದನ್ನು ಇದ್ದಲ್ಲಿಯೇ ಒಂದು ಸುತ್ತು ತಿರುಗಿಸಿಟ್ಟ.

"ಗಡಿಗಿ ರೀ ಸಾಹೇಬ್ರ. ಬಾಯಿ ಆ ಕಡೆ ತಿರುಗಿತ್ತು. ಈಗ ಬರೋಬರಿ ಆತು ನೋಡ್ರಿ."

ಗಡಿಗೆಗೆ ಆ ಕಡೆ ಈ ಕಡೆ ಎಂದು ಬಾಯಿ ಎಲ್ಲಿರುತ್ತದೆ? ಆಕಾಶದ ಕಡೆ ಒಂದೇ. ಸಾಹೇಬ ಗಡಿಗೆ ನೋಡಿದ, ಅಪ್ಪನನ್ನು ನೋಡಿದ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನಾನು ಹೇಳಿದ್ದನ್ನು ತಪ್ಪು ತಿಳಿದುಕೊಂಡರಲ್ಲ ಅನ್ನಿಸಿತು.

"ಗಡಿಗಿ ಅಲ್ಲಪ್ಪ. ಒಳಗಿಂದು ತಿರುಗೇತಿ."

ಒಳಗಿನಿಂದ ಅವ್ವ "ಅಯ್ಯ ನನ್ನ ಶಿವನ" ಅಂದದ್ದು ಕೇಳಿಸಿತು. ಸಾಹೇಬ ಬಗ್ಗಿ ಗಡಿಗೆ ಮೂಸಿದ, ಮೂಗಿಗೆ ವಸ್ತ್ರ ಅಡ್ಡ ಹಿಡಿದ. ಒಂದು ಹನಿ ತುಟಿಗೆ ತಾಗಿಸುವ ಮನುಷ್ಯ ಅವನಲ್ಲ. ಮೂಸಿದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ. ಹಿಂದಕ್ಕೆ ಸರಿದು ಭೀಮಣ್ಣನಿಗೆ ಹೇಳಿದ.

"ನೀನು ನೋಡು. ನೀರಾನೋ, ಮತ್ತೊಂದೋ?"

ಭೀಮಣ್ಣ ಪರಟಿ ತುಂಬ ಮೊಗೆದು ಬಾಯಿಗೆ ಸುರುವಿಕೊಂಡ. ಅವನ ಗಂಟಲು ಮೇಲೆ ಕೆಳಗೆ ಆಯಿತು. ಕಣ್ಣು ಮುಚ್ಚಿದ. ಆ ಮುಖ ನಾನು ಮರೆತಿಲ್ಲ. ಸತ್ತುಹೋದವರು ಬಾಗಿಲಲ್ಲಿ ಬಂದು ನಿಂತರೆ ಹಾಗೆ ಆದೀತು.

"ನೀರಾ ರೀ ಸಾಹೇಬ್ರ. ಸಿಹಿ ಐತ್ರಿ."

"ಅಂವ ಸುಳ್ಳ ಹೇಳ್ತಾನ್ರೀ," ಅಂದೆ.

"ಏ ಪೋರಿ! ಸರಕಾರಿ ಮನಶ್ಯಾಗ ಸುಳ್ಳ ಅಂತಿ? ತಡೀರಿ ಸಾಹೇಬ್ರ, ಇನ್ನೊಮ್ಮೆ ಛಲೋತ್ನ್ಯಾಗ ನೋಡೂನು."

ಇನ್ನೊಮ್ಮೆ ನೋಡಿದ. ಮೇಲಿನದು ಸಿಹಿ, ತಳದ್ದು ನೋಡದೆ ಹೇಳಬಾರದು ಅಂದ. ನಡುವಿನದನ್ನೂ ನೋಡಿದ. ಸಾಹೇಬ "ಸಾಕು, ಸಾಕು" ಅನ್ನುತ್ತಲೇ ಇದ್ದ. "ಸರಕಾರದ ಕೆಲಸ ರೀ, ಅರ್ಧಕ್ಕ ಬಿಡಬಾರದು" ಎಂದು ಭೀಮಣ್ಣ ಕಡೆಗೆ ಪರಟಿ ಬಿಟ್ಟು ಗಡಿಗೆಯನ್ನೇ ಎತ್ತಿದ. ಮನೆ ಉಳಿಸಲು ಕುಡಿದನೋ, ಬಾಯಿ ತಡೆಯದೆ ಕುಡಿದನೋ, ನನಗೆ ಇಂದಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿತ್ತೆಂದು ಅನ್ನಿಸುವುದಿಲ್ಲ. ಖಾಲಿ ಗಡಿಗೆ ಕೆಳಗಿಟ್ಟು ಬೇವಿನ ಬುಡಕ್ಕೆ ಒರಗಿದ. ಎದೆಯ ಮೇಲಿನ ಸರಕಾರದ ಪಟ್ಟಿಯಿಂದ ಕಣ್ಣು ಒರೆಸಿಕೊಂಡ.

"ಮುತ್ತ್ಯಾ ಹ್ವಾದ, ಅವನ ಅಂಗಡಿ ಹೋತು," ಅಂದ. "ರುಚಿ ಮಾತ್ರ ಇನ್ನೂ ಇಲ್ಲೇ ಐತಿ ನೋಡ್ರಿ ಸಾಹೇಬ್ರ. ಇಲ್ಲೇ ಐತಿ."

ಅಷ್ಟು ಹೊತ್ತಿಗೆ ನೀಲಿ ಹೋಗಿ ಬೆಳಕಾಗಿತ್ತು. ಸಾಹೇಬನಿಗೆ ಎಲ್ಲ ತಿಳಿಯಿತು. ಆದರೆ ಗಡಿಗೆ ಖಾಲಿ. ಸಾಕ್ಷಿಗೆ ಬೇಕಾದ ಮುದ್ದೆಮಾಲು ಇದ್ದದ್ದು ಅವನ ಪಟ್ಟೇವಾಲಾನ ಹೊಟ್ಟೆಯಲ್ಲಿ. ಬರೆದರೆ ಮೊದಲು ಅವನ ಹೆಸರನ್ನೇ ಬರೆಯಬೇಕು. ನನ್ನ ಮುಂದೆ ಬಂದು ಹೆಸರು ಕೇಳಿದ.

"ನೀಲವ್ವ ರೀ."

"ನೀಲಮ್ಮ," ಎಂದು ತನ್ನ ಕಡೆಯ ಹಾಗೆ ತಿದ್ದಿಕೊಂಡು, ಅಪ್ಪನಿಗೆ ಹೇಳಿದ. "ಇವನಿಗೆ ಊಟ ಹಾಕಿ ಮಲಗಿಸಿ. ಇನ್ನೊಂದು ಸಲ ಸುಣ್ಣ ಇಲ್ಲದ ಗಡಿಗೆ ಕಂಡರೆ ನಾನು ಇವನನ್ನ ಕರೆದುಕೊಂಡು ಬರೋದಿಲ್ಲ, ಪೋಲೀಸರನ್ನ ಕರೆದುಕೊಂಡು ಬರ್ತೀನಿ."

ಅವನು ಹೊರಟುಹೋದ ಮೇಲೆ ಅವ್ವ ಜೋಳದ ಹಿಟ್ಟು ಮೆತ್ತಿದ ಕೈ ಎತ್ತಿಕೊಂಡು ನನ್ನ ಕಡೆ ಬಂದಳು. ಅಪ್ಪ ಅಡ್ಡ ನಿಂತ.

"ಅಕಿಗಿ ಯಾಕ ಬಡೀತಿ? ದಿನಾ ಖರೇ ಹೇಳು ಅಂತ ಕಲಿಸಿದಾಂವ ನಾನ. ಇವತ್ತ ಒಂದ ದಿನ ಬ್ಯಾರೆ ಹೇಳು ಅಂದ್ರ ಹ್ಯಾಂಗ ಹೇಳ್ಯಾಳು?"

ಆಮೇಲೆ ಆಯಿ ಒದ್ದೆ ಕೂದಲು ಕಟ್ಟಿಕೊಂಡು ಹೊರಗೆ ಬಂದಳು.

"ಲಾಲಸಾಬ, ನನ್ನ ಗಡಿಗಿ ಎಲ್ಲಿ?"

ಲಾಲಸಾಬ ಕಾಕಾ ರುಮಾಲಿನ ಪಟ್ಟಿಯನ್ನು ಅವಳ ಕಡೆ ಚಾಚಿದ. ಅಪ್ಪ ಬೇವಿನ ಬುಡಕ್ಕೆ ಬೆರಳು ಮಾಡಿದ.

"ಅಕಾ, ಅಲ್ಲಿ ಮಲಗೇತಿ ನೋಡು ನಿನ್ನ ಗಡಿಗಿ. ಗೊರಕಿ ಹೊಡ್ಯಾಕತ್ತೇತಿ."

ಆಗ ಜಗಳವಾಯಿತು. ನಮ್ಮ ಮನೆಯಲ್ಲಿ ಅತ್ತೆ ಸೊಸೆ ಜಗಳ ದಿನದ್ದು, ಅದನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ತಾಯಿ ಮಗ ಎದುರುಬದುರು ನಿಂತದ್ದನ್ನು ನಾನು ಆವತ್ತೇ ಮೊದಲು ಕಂಡದ್ದು.

"ಸತ್ತಾವ್ರಿಗೆ ಕುಡಿಸಾಕ ಹೋಗಿ ಇದ್ದಾವ್ರ ಒಲಿ ಆರಸ್ತೀ ಏನ ಯವ್ವಾ?"

"ವರ್ಷಕ್ಕೊಮ್ಮಿ ಬರ್ತಾನ. ಒಂದ ಬಟ್ಲ ಕೇಳ್ತಾನ. ನಿನ್ನ ಹಡದಾವಗ ಒಂದ ಬಟ್ಲ!"

"ನೀರಾ ಇಡು."

"ಇದ್ದಾಗ ಅದನ್ನ ಮುಟ್ಟಿದಾಂವಲ್ಲ. ಕೂಸುಗೋಳ ಬಾಯಿ ತೊಳಿಯೂ ನೀರು ಅಂತಿದ್ದ. ಸತ್ತ ಮ್ಯಾಲೆ ಕುಡಿಸ್ಲ್ಯಾ?"

"ಹಂಗಾರ ಬಿಡು. ಇನ್ನ ಮ್ಯಾಲೆ ಸುಣ್ಣ ಇಲ್ಲದ ಗಡಿಗಿ ಈ ಹೊಚ್ಚಲ ದಾಟಂಗಿಲ್ಲ. ಯಾರ ಹೆಸರ್ಲೇನೂ ದಾಟಂಗಿಲ್ಲ."

ಆಯಿ ಅವನ ಮುಖ ನೋಡಿದಳು. ಅಪ್ಪ ನೆಲ ನೋಡಿದ, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಯಿ ಪಟ್ಟಿಯನ್ನು ಲಾಲಸಾಬ ಕಾಕಾನ ಕೈಯಲ್ಲಿಯೇ ಬಿಟ್ಟು ಒಳಗೆ ಹೋದಳು.

ಆ ದಿನವೂ ಅಂಗಡಿ ನಡೆಯಿತು. ಗುರಪ್ಪ ಬಂದ, ತೊದಲಿದ, ಹೋದ. ಅವ್ವ ಒಂದು ಒಲೆಯ ಮೇಲೆ ಗಿರಾಕಿಗಳಿಗೆ ಜುಣಕ, ಇನ್ನೊಂದರ ಮೇಲೆ ಎಡೆಗೆ ಹೋಳಿಗೆ ಮಾಡಿದಳು. ಮಧ್ಯಾಹ್ನ ಆಯಿ ಕತ್ತಲೆ ಕೋಣೆಯಲ್ಲಿ ಮಣೆ ಹಾಕಿ ಧೋತರ, ರುಮಾಲು ಮಡಿಚಿಟ್ಟಳು. ಹೋಳಿಗೆ ಇಟ್ಟಳು, ತುಪ್ಪ ಬಿಟ್ಟಳು, ಕೋಳಿ ಸಾರು ಇಟ್ಟಳು. ಕಂಚಿನ ಬಟ್ಟಲನ್ನು ಹುಣಸೆ ಹಚ್ಚಿ ತಿಕ್ಕಿ ತಂದು ಅದರ ಜಾಗದಲ್ಲಿ ಇಟ್ಟಳು. ಅದರೊಳಗೆ ಏನೂ ಹಾಕಲಿಲ್ಲ. ಅಪ್ಪ ನೀರಾದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ದೀಪದ ಬೆಳಕು ಖಾಲಿ ಬಟ್ಟಲಿನೊಳಗೆ ಇಳಿದು ಅದರ ತುಂಬ ಹಳದಿಯಾಗಿ ನಿಂತಿತ್ತು. ಆಯಿ ಆ ಮಡಿಚಿದ ಬಟ್ಟೆಗಳಿಗೆ ಹೇಳಿದಳು, ಎದುರಿಗೆ ಕೂತವನಿಗೆ ಹೇಳಿದ ಹಾಗೆ.

"ದಾರೂಬಂದಿ ಐತಿ. ನಿನ್ನ ಮಗನ ಒಲಿ ಉರೀಬೇಕು. ಇದ್ದದ್ದ ಕುಡಿ."

ಬಾಗಿಲು ಎಳೆದುಕೊಂಡು ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ನಾವೂ ಕೂತೆವು. ಅವ್ವ ಒಂದು ಮೂಲೆಯಲ್ಲಿ, ನಾನು ಆಯಿಯ ಕಾಲ ಬಳಿ, ಲಾಲಸಾಬ ಕಾಕಾ ಹೊಸ್ತಿಲ ಆಚೆ. ಹಿತ್ತಲಿನಿಂದ ಭೀಮಣ್ಣನ ಗೊರಕೆ ಬರುತ್ತಿತ್ತು. ಬಾಗಿಲ ಸಂದಿಯಿಂದ ಹೋಳಿಗೆಯ ತುಪ್ಪದ ವಾಸನೆ ಬರುತ್ತಿತ್ತು. ನಸುಕಿನಿಂದ ನನ್ನ ಹೊಟ್ಟೆಗೆ ಪರಟಿಯ ನೀರಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ನಿದ್ದೆ ಬರುವ ಹಾಗಿತ್ತು, ಎಚ್ಚರವೂ ಇತ್ತು. ಮುಚ್ಚಿದ ಬಾಗಿಲ ಆಚೆ ಯಾರೋ ಬಹಳ ನಿಧಾನ ಉಣ್ಣುತ್ತಿದ್ದಾರೆಂದು ನನಗೆ ಖಾತ್ರಿ ಅನ್ನಿಸುತ್ತಿತ್ತು. ಬೇರೆ ವರ್ಷ ಇಷ್ಟು ಹೊತ್ತು ಕೂರುತ್ತಿರಲಿಲ್ಲ. ಹೊರಗೆ ಅಂಗಡಿಯಲ್ಲಿ ಯಾರೋ ಕರೆದರು, ಕರೆದು ಕರೆದು ಹೋದರು. ಕಡೆಗೆ ಅಪ್ಪ ಎದ್ದು ಚಿಲಕಕ್ಕೆ ಕೈ ಹಾಕಿದ.

"ಸಾಕಲ್ಲ ಯವ್ವಾ. ತಗೀಲ್ಯಾ?"

ಆಯಿ ಕಣ್ಣು ತೆರೆಯಲಿಲ್ಲ.

"ತಡಿ," ಅಂದಳು. "ಖಾಲಿ ಬಟ್ಲ ಕುಡ್ಯಾಕ ಹೊತ್ತ ಹಿಡಿತೈತಿ."

ಅಪ್ಪ ಚಿಲಕದಿಂದ ಕೈ ತೆಗೆದು ಅವಳ ಮಗ್ಗುಲಲ್ಲಿ ಕೂತ.